ಹೆಸರು ಬಿಚ್ಚುವ ಕೆಲಸ

ಐಸ್ ಹಾಕಿ ನನಗೆ ಪರಿಚಯವಾದದ್ದು ಮೂಗಿನಿಂದ. ಟಿವಿಯಲ್ಲಿ ನೋಡುವವರಿಗೆ ಆ ಆಟವೆಂದರೆ ಬಣ್ಣದ ದೀಪ, ಡ್ರಮ್ಮಿನ ಸದ್ದು, ಹೊಳೆಯುವ ಮಂಜುಗಡ್ಡೆ. ನನಗೆ ಅದು ಒದ್ದೆ ಗ್ಲೌಸು. ಮೂರು ದಿನ ಚೀಲದಲ್ಲಿ ಮುಚ್ಚಿಟ್ಟ ಒದ್ದೆ ಗ್ಲೌಸನ್ನು ಒಂದೇ ಒಂದು ಸಲ ಮೂಸಿ ನೋಡಿ. ಆಮೇಲೆ ಜನ್ಮದಲ್ಲಿ ಯಾವ ಆಟಗಾರನ ಫೋಟೋವನ್ನೂ ಗೋಡೆಗೆ ಅಂಟಿಸುವುದಿಲ್ಲ. ಸ್ವೀಡನ್ನಿನ ಒಂದು ಹಾಕಿ ಕ್ಲಬ್ಬಿನ ಬಟ್ಟೆ ಕೋಣೆಯಲ್ಲಿ ನಾಲ್ಕು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತವಳು ನಾನು. ಅಷ್ಟು ವರ್ಷದಲ್ಲಿ ಪೂರ್ತಿ ಮ್ಯಾಚು ನೋಡಿದ್ದು ಒಂದೇ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಮ್ಮ ಯಜಮಾನರಿಗೆ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಕೆಲಸ. ಗೋಥೆನ್‌ಬರ್ಗಿನಲ್ಲಿ ಮನೆ ಸಿಗದೆ, ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಪುಟ್ಟ ಊರಿನಲ್ಲಿ ಬಾಡಿಗೆಗಿದ್ದೆವು. ಆ ಊರಿನಲ್ಲಿದ್ದದ್ದು ಒಂದು ಚರ್ಚು, ಎರಡು ಪಿಜ್ಜಾ ಅಂಗಡಿ, ಒಂದು ಹಾಕಿ ಸ್ಟೇಡಿಯಮ್ಮು. ಚರ್ಚಿಗೆ ಯಾರೂ ಹೋಗುತ್ತಿರಲಿಲ್ಲ. ಕೊಮ್ಮೂನಿನವರು, ಅಂದರೆ ಊರಿನ ಪುರಸಭೆಯವರು, ವಲಸೆ ಬಂದವರಿಗೆ ನಡೆಸುವ ಭಾಷಾ ತರಗತಿಯಲ್ಲಿ ನಾನು ಸ್ವೀಡಿಷ್ ಕಲಿಯುತ್ತಿದ್ದೆ. ಹೊಲಿಗೆ ಬಲ್ಲವರು ಬೇಕು ಅಂತ ಅಲ್ಲಿನ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದರು, ಹೋದೆ.

ಇಂಟರ್‌ವ್ಯೂ ಮಾಡಿದವನು ಕ್ಲಬ್ಬಿನ ಸಾಮಾನು ನೋಡಿಕೊಳ್ಳುವ ಮುದುಕ. ಸ್ಕೇಟುಗಳಿಗೆ ಸಾಣೆ ಹಿಡಿಯುವವನೂ ಅವನೇ. ಮೇಲ್ದುಟಿಯೊಳಗೆ ಸದಾ ಹೊಗೆಸೊಪ್ಪಿನ ಪುಡಿ ಒತ್ತಿಟ್ಟುಕೊಂಡು ಮಾತು ಉಳಿಸುವ ಪ್ರಾಣಿ. ನನ್ನ ಮುಂದೆ ಒಂದು ಜರ್ಸಿ ಹಾಸಿ, "ಸಿಕ್‌ಸಾಕ್?" ಅಂದ. ಅಯ್ಯೋ, ಜಿಗ್‌ಜ್ಯಾಗ್! ಬೆಂಗಳೂರಿನ ಶ್ರೀನಗರದಲ್ಲಿ ಅರ್ಧ ಬಡಾವಣೆಯ ಸೀರೆಗೆ ಫಾಲು, ಜಿಗ್‌ಜ್ಯಾಗ್ ಮಾಡಿಕೊಟ್ಟವಳನ್ನು ಕೇಳುವ ಮಾತಾ ಇದು? ಅರ್ಧ ಗಂಟೆಯಲ್ಲಿ ಕೆಲಸ ಸಿಕ್ಕಿತು.

ಆ ವರ್ಷದ ಯುಗಾದಿಗೆ ಗೋಥೆನ್‌ಬರ್ಗಿನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಹಾಕಿ ಕ್ಲಬ್ಬಿನಲ್ಲಿ ಕೆಲಸ ಅಂದೆ. "ವಾವ್! ಫಿಸಿಯೋನಾ?" ಅಂದರು ಒಬ್ಬರು. "ಅಲ್ಲಾರೀ, ಟೈಲರು." ಸ್ವಲ್ಪ ಹೊತ್ತು ಎಲ್ಲರೂ ಪಾಯಸ ಕುಡಿದರು. ಆಮೇಲೆ ಅದೇ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ಬ್ಲೌಸ್ ಸ್ವಲ್ಪ ಲೂಸ್ ಮಾಡ್ಕೊಡ್ತೀರಾ?" ಅಂದರು.

ಹಾಕಿ ಜರ್ಸಿಯನ್ನು ನೀವು ನೋಡಬೇಕು. ಅದು ಬಟ್ಟೆಯಲ್ಲ, ನ್ಯೂಸ್‌ಪೇಪರಿನ ಜಾಹೀರಾತು ಪುಟ. ಎದೆಗೆ ಬ್ಯಾಂಕು, ತೋಳಿಗೆ ಟೈರು, ಕಾಲುಚೀಲಕ್ಕೆ ಹಾಲಿನ ಡೈರಿ, ಚಡ್ಡಿಯ ಹಿಂದೆ ಸರಿಯಾಗಿ ಕೂರುವ ಜಾಗಕ್ಕೆ ಬಣ್ಣದಂಗಡಿ. ಇಷ್ಟೆಲ್ಲ ಆದಮೇಲೆ ಭುಜದ ಕೆಳಗೆ ಉಳಿಯುವ ಒಂದು ಗೇಣಿನಲ್ಲಿ ಆಡುವವನ ಹೆಸರು. ಒಂದೊಂದು ಅಕ್ಷರವನ್ನೂ ಬಟ್ಟೆಯಲ್ಲಿ ಕತ್ತರಿಸಿ, ಸುತ್ತ ಜಿಗ್‌ಜ್ಯಾಗ್ ಓಡಿಸಬೇಕು. ಬ್ಯಾಂಕು, ಟೈರು, ಡೈರಿಯ ಹೆಸರುಗಳು ಜರ್ಸಿ ಕಂಪನಿಯಿಂದಲೇ ಗಟ್ಟಿಯಾಗಿ ಅಚ್ಚಾಗಿ ಬರುತ್ತಿದ್ದವು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹೆಸರು ಮಾತ್ರ ಬಿಚ್ಚಲು ಬರುವ ಹಾಗೆ ಹೊಲಿಯಬೇಕು ಅಂತ ಆರ್ಡರು.

ಆ ಭಾಷೆಯಲ್ಲಿ ಕೆಲವು ಅಕ್ಷರಗಳಿಗೆ ತಲೆಯ ಮೇಲೆ ಎರಡು ಚುಕ್ಕಿ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ಟೀಚರು ಸಿಟ್ಟಾಗಿ, ಚುಕ್ಕಿ ಇದ್ದರೆ ಅದು ಬೇರೆಯೇ ಅಕ್ಷರ ಅಂದರು. ಹುಳಿ ಅನ್ನುವಲ್ಲಿ ಹುಲಿ ಬರೆದರೆ ನಮಗೆ ಹೇಗೋ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಬೊಟ್ಟಿನಷ್ಟಗಲದ ಆ ಚುಕ್ಕಿಗಳನ್ನು ಹೊಲಿಯುವುದು ದೊಡ್ಡ ತಲೆನೋವು. ಎರಡು ಒಗೆತಕ್ಕೆ ಉದುರುತ್ತಿದ್ದವು. ನಾನು ಬಂದಮೇಲೆ ಸುತ್ತ ಎರಡು ಸುತ್ತು ಹೊಲಿಗೆ ಹಾಕಿದೆ.

ಅದನ್ನು ಗಮನಿಸಿದವನು ಒಬ್ಬನೇ. ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ, ಮೂವತ್ತನಾಲ್ಕರವನು, ಹೆಸರಿನಲ್ಲಿ ಚುಕ್ಕಿಯ ಅಕ್ಷರವಿದ್ದವನು. ಕ್ಲಬ್ಬಿನಲ್ಲಿ ಅವನದು ಹತ್ತನೇ ವರ್ಷ. ಬಾಗಿಲಲ್ಲಿ ನಿಂತು, ಜರ್ಸಿ ತಿರುಗಿಸಿ ತೋರಿಸಿ, "ಈ ಸಲ ಬೀಳಲಿಲ್ಲ" ಅಂದ. ಮುಂದಿನ ಎರಡು ಹಲ್ಲು ಇರಲಿಲ್ಲ. ಕಟ್ಟಿಸಿದ ಹಲ್ಲನ್ನು ಕ್ಲಬ್ಬಿಗೆ ಬರುವಾಗ ಡಬ್ಬಿಯಲ್ಲಿಟ್ಟು ಬರುತ್ತಿದ್ದ. ಅವತ್ತಿನಿಂದ ವಾರಕ್ಕೊಮ್ಮೆ ಗ್ಲೌಸಿನ ಅಂಗೈ ಚರ್ಮ ಸವೆದಿದೆ ಅಂತ ಬಂದು, ನಾನು ಹೊಲಿಯುವಷ್ಟು ಹೊತ್ತು ಇಸ್ತ್ರಿ ಮೇಜಿನ ಮೇಲೆ ಕೂತು ತನ್ನ ಕತೆ ಹೇಳುತ್ತಿದ್ದ.

ಊರು ದೂರದ ಉತ್ತರದಲ್ಲಿ. ಅಪ್ಪ ಕಾಗದದ ಕಾರ್ಖಾನೆಯವನು. ಚಳಿಗಾಲದಲ್ಲಿ ಹಿತ್ತಲಿಗೆ ಪೈಪಿನಲ್ಲಿ ನೀರು ಬಿಟ್ಟು ಹೆಪ್ಪುಗಟ್ಟಿಸಿ, ನಾಲ್ಕು ವರ್ಷದ ಮಗನ ಕೈಗೆ ಅಡುಗೆಮನೆಯ ಕುರ್ಚಿ ಕೊಟ್ಟು, ತಳ್ಳಿಕೊಂಡು ನಡಿ ಅಂದನಂತೆ. ಹದಿನಾರಕ್ಕೆ ಮನೆ ಬಿಟ್ಟು ಹಾಕಿ ಕಲಿಸುವ ಶಾಲೆ. ಇಪ್ಪತ್ತೊಂದಕ್ಕೆ ಅಮೆರಿಕ. ಅಲ್ಲಿ ದೊಡ್ಡ ತಂಡದ ಕೆಳಗಿನ ಚಿಕ್ಕ ತಂಡದಲ್ಲಿ ವರ್ಷವಿಡೀ ಬಸ್ಸು. ಒಂದೇ ಒಂದು ದಿನ ದೊಡ್ಡ ತಂಡದಲ್ಲಿ ಯಾರಿಗೋ ಕಾಲು ಮುರಿದು ಇವನಿಗೆ ಕರೆ ಬಂತು. ಹೋದ, ಜರ್ಸಿ ಹಾಕಿಕೊಂಡ, ಆಟ ಮುಗಿಯುವ ತನಕ ಬೆಂಚಿನ ಮೇಲೆ ಕೂತ, ಎದ್ದು ಬಂದ. ಮಂಜುಗಡ್ಡೆಗೆ ಇಳಿಸಲೇ ಇಲ್ಲ.

"ಒಂದು ವಿಷಯ ಗೊತ್ತಾ?" ಅಂದ. "ಆ ಜರ್ಸಿ ಮೇಲೆ ಚುಕ್ಕಿ ಇರ್ಲಿಲ್ಲ. ಅಮೆರಿಕದವರ ಹತ್ರ ಚುಕ್ಕಿ ಇಲ್ವಲ್ಲ. ಅವತ್ತು ಬೆಂಚಲ್ಲಿ ಕೂತಿದ್ದು ಬೇರೆ ಯಾರೋ ಅಂದ್ಕೊಂಡು ಸಮಾಧಾನ ಮಾಡ್ಕೊಂಡೆ."

ನಮ್ಮಲ್ಲಿ ಮೂವತ್ತನಾಲ್ಕಕ್ಕೆ ಗಂಡಸರಿಗೆ ಪ್ರಮೋಷನ್ನು, ಸೈಟು, ಸಣ್ಣ ಹೊಟ್ಟೆ. ಇವನಿಗೆ ಎರಡು ಮಂಡಿ ಆಪರೇಷನ್ನು, ಊರಿನ ಪತ್ರಿಕೆಯಲ್ಲಿ 'ಅನುಭವಿ' ಅನ್ನುವ ಬಿರುದು. ಹಾಕಿಯಲ್ಲಿ ಅನುಭವಿ ಅಂದರೆ ನಿಧಾನ ಅಂತ ಅರ್ಥ. ಬೇರೆ ಕೆಲಸ ಏನು ಬರುತ್ತದೆ ಅಂತ ಒಮ್ಮೆ ಕೇಳಿದೆ. ಬಹಳ ಹೊತ್ತು ಯೋಚಿಸಿ, "ಈಜು" ಅಂದ.

ಇನ್ನು ಹಳದಿ ಚೀಟಿಯ ವಿಷಯ ಹೇಳಬೇಕು. ವಸಂತದಲ್ಲಿ ಆಟದ ಕಾಲ ಮುಗಿದ ಮೇಲೆ ಮೇಲಿನ ಆಫೀಸಿನಿಂದ ನನಗೊಂದು ಹಳದಿ ಚೀಟಿ ಬರುತ್ತಿತ್ತು. ಇಂತಿಂಥ ಜರ್ಸಿಯ ಹೆಸರು ಬಿಚ್ಚಿ ಅಂತ. ಅಂದರೆ ಆ ಮನುಷ್ಯನಿಗೆ ಮುಂದಿನ ವರ್ಷ ಇಲ್ಲಿ ಜಾಗವಿಲ್ಲ. ತಮಾಷೆ ಏನೆಂದರೆ, ಎಷ್ಟೋ ಸಲ ಚೀಟಿ ನನಗೆ ಬಂದು ವಾರ ಕಳೆದರೂ ಆ ಮನುಷ್ಯನಿಗೇ ಸುದ್ದಿ ಹೋಗಿರುತ್ತಿರಲಿಲ್ಲ. ಆಟಗಾರರನ್ನು ಕೊಳ್ಳುವ, ಬಿಡುವ ಅಧಿಕಾರಿಗೆ ಅಲ್ಲಿ ಸ್ಪೋರ್ಟ್‌ಶೆಫ್ ಅನ್ನುತ್ತಾರೆ. ಶೆಫ್ ಅಂದರೆ ಸ್ವೀಡಿಷ್‌ನಲ್ಲಿ ಬಾಸು. ನಾನು ಮೊದಲ ತಿಂಗಳು ಆತನನ್ನು ಅಡುಗೆಯವನು ಅಂದುಕೊಂಡಿದ್ದೆ, ಯಾವಾಗ ನೋಡಿದರೂ ಕೈಯಲ್ಲಿ ದಾಲ್ಚಿನ್ನಿ ಬನ್ನಿನ ತಟ್ಟೆ ಇರುತ್ತಿತ್ತು. ಪಾಪ, ಒಳ್ಳೆಯ ಮನುಷ್ಯ. ಯಾರಿಗೂ 'ಇಲ್ಲ' ಅನ್ನಲು ಬಾಯಿ ಬರುತ್ತಿರಲಿಲ್ಲ. "ನೋಡೋಣ", "ಕೂತು ಮಾತಾಡೋಣ", "ಫೀಕಾಗೆ ಬಾ", ಅಂದರೆ ಕಾಫಿಗೆ ಬಾ, ಇಷ್ಟರಲ್ಲೇ ಒಬ್ಬನ ಬದುಕು ಮುಗಿಸುತ್ತಿದ್ದ.

ಆಟಗಾರರು ದಡ್ಡರಲ್ಲ. ಏಪ್ರಿಲ್ ಬಂತೆಂದರೆ ನನ್ನ ಬಾಗಿಲಿಗೆ ಸಾಲು. ಆರಡಿ ಎತ್ತರ, ಹುಬ್ಬಿನ ಮೇಲೆ ಹೊಲಿಗೆ, ಕೈಯಲ್ಲಿ ಬೇಕೆಂದೇ ಕಿತ್ತ ಒಂದು ಗುಂಡಿ. ಗುಂಡಿ ನನ್ನ ಕೈಗಿಟ್ಟು, ಕಣ್ಣು ಮಾತ್ರ ಮೇಜಿನ ಮೇಲೆ. ಚೀಟಿಯ ವಿಷಯ ಯಾರಿಗೂ ಹೇಳುವುದಿಲ್ಲ ಅಂತ ನಾನು ಸಹಿ ಹಾಕಿದ್ದೆ. ಗುಂಡಿ ಹಾಕಿ ಕಳಿಸುತ್ತಿದ್ದೆ. ಊರಿನ ಸಾವಿರಾರು ಜನ ಯಾರಿಗಾಗಿ ಕೂಗಿ ಕುಣಿಯುತ್ತಾರೋ ಅಂಥ ಗಂಡಸರು ನನ್ನ ಮುಂದೆ ರಿಸಲ್ಟು ಕಾಯುವ ಎಸ್‌ಎಸ್‌ಎಲ್‌ಸಿ ಮಕ್ಕಳ ಹಾಗೆ ನಿಲ್ಲುತ್ತಿದ್ದರು. ಸುಳ್ಳೇಕೆ, ನನಗೆ ಅದು ಚೆನ್ನಾಗೇ ಇತ್ತು.

ಇನ್ನೊಂದು ವಿಷಯ, ನನ್ನ ಸ್ವೀಡಿಷ್. ತರಗತಿಗೆ ಸೇರಿದ ಮೊದಲ ವಾರ ಮನೆಗೆ ಹೊರಟವಳು ಟೀಚರಿಗೆ, "ನಾನು ಹೋಗಿ ಬರ್ತೀನಿ" ಅನ್ನುವುದನ್ನು ಹಾಗೇ ಸ್ವೀಡಿಷ್‌ಗೆ ತಿರುಗಿಸಿ ಹೇಳಿದ್ದೆ. ಆ ತಾಯಿ ನಾನು ಬಾತ್‌ರೂಮಿಗೆ ಹೋಗಿದ್ದೇನೆ ಅಂತ ಕೋಣೆಗೆ ಬೀಗ ಹಾಕದೆ ಇಪ್ಪತ್ತು ನಿಮಿಷ ಕಾದಿದ್ದರು. ಹೊರಡುವಾಗ "ಹೇ ದೋ" ಅನ್ನಬೇಕು ಅಂತ ಮಾರನೇ ದಿನ ಹೇಳಿಕೊಟ್ಟರು. ಹೇ ದೋ! ಅಂಗಳಕ್ಕೆ ನುಗ್ಗಿದ ಹಸುವನ್ನು ಅಟ್ಟಿದ ಹಾಗೆ. ಮನೆಯಿಂದ ಹೊರಟವರಿಗೆ 'ಹೋಗು' ಅಂದು ಸುಮ್ಮನಾಗುವುದು ನನ್ನಿಂದಾಗದು. ಹಾಗಾಗಿ ನನ್ನದನ್ನೇ ಉಳಿಸಿಕೊಂಡೆ. ಬರೀ 'ಬಾ' ಅಂದರೆ ಎಲ್ಲಿಗೆ ಅಂತ ಗೊತ್ತಾಗುವುದಿಲ್ಲ ಅಂತ ಟೀಚರು ಅಂದಿದ್ದರಿಂದ, 'ತಿರುಗಿ' ಅನ್ನುವ ಪದವನ್ನೂ ಸೇರಿಸಿಕೊಂಡೆ. "ಗೋ, ಕೊಮ್ ತಿಲ್‌ಬಾಕಾ." ಹೋಗು, ತಿರುಗಿ ಬಾ. ಪೋಸ್ಟಿನವನಿಗೂ ಅದೇ, ನಲ್ಲಿ ರಿಪೇರಿಯವನಿಗೂ ಅದೇ. ಕ್ಲಬ್ಬಿನಲ್ಲಿ ಮಾತ್ರ ನನ್ನ ಮಿಷನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ.

ನಾನು ಸೇರಿ ಮೂರನೇ ವಸಂತ. ಒಂದು ಗುರುವಾರ ಚುಕ್ಕಿಯವನು ಬಂದ. ಗ್ಲೌಸು ಕೊಟ್ಟ, ಮೇಜಿನ ಮೇಲೆ ಕೂತ, ಕತೆ ಹೇಳಲಿಲ್ಲ.

"ಉತ್ತರದಿಂದ ಕರೆ ಬಂದಿದೆ" ಅಂದ. "ನಮ್ಮೂರ ಕ್ಲಬ್ಬು. ಕೆಳಗಿನ ಡಿವಿಷನ್. ಎರಡು ವರ್ಷ ಆಡು ಅಂತಾರೆ. ನಾಳೆ ಹನ್ನೆರಡಕ್ಕೆ ಹೌದೋ ಅಲ್ವೋ ಹೇಳ್ಬೇಕು."

"ಇಲ್ಲಿಯವರು ಏನಂತಾರೆ?"

"ನೋಡೋಣ ಅಂತಾರೆ. ಮಗಳು ಇಲ್ಲೇ ಶಿಶುವಿಹಾರಕ್ಕೆ ಹೋಗ್ತಾಳೆ. ಮನೆ ಇಲ್ಲೇ ಇದೆ. ಇಲ್ಲೇ ಇಟ್ಕೊಳ್ತಾರೆ ಅಂದ್ರೆ ಉತ್ತರಕ್ಕೆ ಯಾಕೆ ಹೋಗ್ಲಿ? ಇಟ್ಕೊಳಲ್ಲ ಅಂದ್ರೆ ಅದೊಂದೇ ನನಗೆ ದಾರಿ." ನನ್ನ ಮಿಷನ್ನಿನ ಕಡೆ ಕಣ್ಣು ಹಾಯಿಸಿ ಕೇಳಿದ. "ಚೀಟಿ ಬಂತಾ?"

"ಬಂದಿಲ್ಲ." ನಿಜವಾಗಿಯೂ ಬಂದಿರಲಿಲ್ಲ.

"ಬಂದಿದ್ರೆ ಹೇಳ್ತಿದ್ಯಾ?"

"ಸಹಿ ಹಾಕಿದೀನಪ್ಪ. ಹೇಗೆ ಹೇಳ್ಲಿ?"

ತಲೆಯಾಡಿಸಿ ಎದ್ದ. ಅಷ್ಟು ದೊಡ್ಡ ಮನುಷ್ಯ ಬಾಗಿಲಿನ ಕಡೆ ಕಾಲೆಳೆದುಕೊಂಡು ಹೊರಟ. ಮಿಷನ್ ನಿಲ್ಲಿಸಿ, ಎಂದಿಗಿಂತ ಸ್ವಲ್ಪ ಹೆಚ್ಚೇ ಅಕ್ಕರೆಯಿಂದ ಹೇಳಿದೆ, "ಗೋ, ಕೊಮ್ ತಿಲ್‌ಬಾಕಾ."

ಅವನು ಗಕ್ಕನೆ ನಿಂತ. "ಏನಂದೆ?"

ಉಚ್ಚಾರ ತಪ್ಪಿತೇನೋ ಅಂತ ಇನ್ನೂ ಬಿಡಿಸಿ ಹೇಳಿದೆ. "ಹೋಗು. ತಿರುಗಿ ಬಾ."

ನನ್ನನ್ನು ದಿಟ್ಟಿಸಿ ನೋಡಿದ. ಆಮೇಲೆ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕು, ತುಟಿಯ ಮೇಲೆ ಬೆರಳಿಟ್ಟು, ಗುಟ್ಟು ಗುಟ್ಟಾಗೇ ಇರಲಿ ಅನ್ನುವ ಹಾಗೆ ಸನ್ನೆ ಮಾಡಿ ಹೋದ. ಸ್ವೀಡನ್ನಿನವರು ನಮ್ಮ ಮುರುಕು ಭಾಷೆಗೂ ಎಷ್ಟು ಖುಷಿಪಡುತ್ತಾರಲ್ಲ ಅಂತ ನಾನು ಬೀಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಸೋಮವಾರ ಬೆಳಿಗ್ಗೆ ಹಳದಿ ಚೀಟಿ ಬಂತು. ಐದು ಹೆಸರು. ಎರಡನೆಯದು ಅವನದು.

ಚೀಟಿ ಹಿಡಿದು ಮೇಲಿನ ಆಫೀಸಿಗೆ ಹೋದೆ. ಸ್ಪೋರ್ಟ್‌ಶೆಫ್‌ಗೆ ಚುಕ್ಕಿಯ ಹೆಸರು ತೋರಿಸಿ, "ಅವನಿಗೆ ಹೇಳಿದೀಯಾ?" ಅಂದೆ. ಆ ಭಾಷೆಯಲ್ಲಿ ಎಲ್ಲರಿಗೂ 'ನೀನು' ಅನ್ನಬಹುದು, ಸಿಟ್ಟು ಬಂದಾಗ ಬಹಳ ಅನುಕೂಲ. ಆತ ನೊಂದ ಮುಖ ಮಾಡಿ, "ಈ ವಾರ ಕೂತು ಮಾತಾಡೋಣ ಅಂತಿದ್ದೀವಿ. ಸರಿಯಾದ ರೀತೀಲಿ ಹೇಳ್ಬೇಕಲ್ಲ" ಅಂದು, ತಟ್ಟೆ ಮುಂದೆ ಚಾಚಿದ. ಬನ್ನು ತೆಗೆದುಕೊಂಡೆ. ಮೆಟ್ಟಿಲು ಇಳಿಯುತ್ತ ತಿಂದೆ ಕೂಡ. ನನ್ನ ಸಿಟ್ಟಿನ ಯೋಗ್ಯತೆ ಅಷ್ಟು.

ಕೆಳಗೆ ಬಂದು ಕೆಲಸಕ್ಕೆ ಕೂತೆ. ಹೊಲಿಗೆ ಬಿಚ್ಚಲು ಅಲ್ಲಿ ಏನೇನೋ ಉಪಕರಣ ಕೊಟ್ಟಿದ್ದರು. ನನಗೆ ಊರಿನ ಟೈಲರುಗಳ ಹಾಗೆ ಅರ್ಧ ಬ್ಲೇಡೇ ಆಗಬೇಕು. ಮೊದಲು ಚುಕ್ಕಿಗಳನ್ನು ತೆಗೆದೆ. ಎರಡು ಸುತ್ತು ಹೊಲಿಗೆ ಹಾಕಿದ್ದೆನಲ್ಲ, ಬರಲೊಲ್ಲವು. ಆಮೇಲೆ ಒಂದೊಂದೇ ಅಕ್ಷರ. ಅರ್ಧ ಹೆಸರು ಬಿಚ್ಚಿದ್ದೆ, ಬಾಗಿಲು ತೆರೆಯಿತು.

ಅವನೇ. ಕೈಯಲ್ಲಿ ಚಾಕೊಲೇಟಿನ ದೊಡ್ಡ ಡಬ್ಬಿ. "ನಿನಗೆ" ಅಂದ. "ಶುಕ್ರವಾರ ಉತ್ತರದವರಿಗೆ ಫೋನ್ ಮಾಡಿ ಬೇಡ ಅಂದ್ಬಿಟ್ಟೆ. ನೀನು ಹೇಳ್ದೆಯಲ್ಲ, ಅದು ನನ್ನ ನಿನ್ನ ನಡುವೆ. ನನ್ನ ಹೆಂಡ್ತಿಗೂ ಹೇಳಿಲ್ಲ."

"ನಾನೇನು ಹೇಳ್ದೆ?"

"ತಿರುಗಿ ಬಾ ಅಂತ."

ಜರ್ಸಿ ನನ್ನ ತೊಡೆಯ ಮೇಲಿತ್ತು. ಬಚ್ಚಿಡಬೇಕು ಅಂತ ಹೊಳೆಯುವಷ್ಟರಲ್ಲಿ ಅವನು ನೋಡಿಯಾಗಿತ್ತು. ಮೇಜಿನ ಮೇಲೆ ಬಿದ್ದಿದ್ದ ಚುಕ್ಕಿಗಳನ್ನೂ ನೋಡಿದ. ಡಬ್ಬಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಅದರ ಪಕ್ಕ ಕೂತ.

ನಾನು ಬಡಬಡ ಶುರುಮಾಡಿದೆ. ಅದು ನಮ್ಮ ಭಾಷೆಯ ಮಾತು. ಯಾರು ಹೊರಟರೂ ಹಾಗೇ ಹೇಳುತ್ತೇವೆ. ಗಂಡ ಆಫೀಸಿಗೆ ಹೊರಟರೂ, ಪಕ್ಕದ ಮನೆಯವರು ಪಕ್ಕದ ಮನೆಗೇ ಹೊರಟರೂ. ಬರೀ 'ಹೋಗು' ಅಂದರೆ ಅಪಶಕುನ. ಅದಕ್ಕೂ ಚೀಟಿಗೂ ಸಂಬಂಧವಿಲ್ಲ.

ಅವನು ತಾಳ್ಮೆಯಿಂದ ಕೇಳಿದ. "ಬೇಡದವರಿಗೂ ಹೇಳ್ತೀರಾ?"

ಸುಳ್ಳು ಹೇಳಲಾಗಲಿಲ್ಲ. "ಬೇಡದವ್ರಿಗೆ ಇನ್ನೂ ಜೋರಾಗಿ ಹೇಳ್ತೀವಿ."

"ಹಾಗಾದ್ರೆ ನಮ್ಮ ಸ್ಪೋರ್ಟ್‌ಶೆಫ್‌ಗೆ ನಿಮ್ಮ ಭಾಷೆ ಚೆನ್ನಾಗಿ ಬರುತ್ತೆ" ಅಂದ.

ಅಲ್ಲಿಂದಲೇ ಉತ್ತರಕ್ಕೆ ಫೋನ್ ಮಾಡಿದ. ಬರುತ್ತೇನೆ ಅಂದ. ಆ ಕಡೆಯಿಂದ ಬಂದ ಮಾತಿಗೆ ಮೂರು ಸಲ "ಯಾ, ಯಾ" ಅಂದು ಫೋನ್ ಜೇಬಿಗೆ ಹಾಕಿಕೊಂಡ. ಶನಿವಾರವೇ ಇಪ್ಪತ್ತೆರಡರವನೊಬ್ಬನಿಗೆ ಆ ಜಾಗ ಕೊಟ್ಟಾಗಿತ್ತಂತೆ. ಮೂವತ್ತು ವರ್ಷದ ಹಾಕಿ ನನ್ನ ಕೋಣೆಯ ಇಸ್ತ್ರಿ ಮೇಜಿನ ಮೇಲೆ ಮುಗಿಯಿತು. ಎರಡು ವರ್ಷ ಅವನ ಕೈಯಲ್ಲಿತ್ತು, ಕಿತ್ತುಕೊಂಡವಳು ನಾನು.

"ಇವು ನನಗಿರಲಿ" ಅಂತ ಎರಡು ಚುಕ್ಕಿಗಳನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಗ್ಲೌಸು ಬೇಡ ಅಂದ. ಬಾಗಿಲ ತನಕ ಹೋದ. ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. 'ಹೋಗು' ಅನ್ನಲು ನಾಲಿಗೆ ಏಳಲಿಲ್ಲ, 'ತಿರುಗಿ ಬಾ' ಅನ್ನಲು ಮುಖವಿರಲಿಲ್ಲ. ಬ್ಲೇಡು ಹಿಡಿದು ಉಳಿದ ಅಕ್ಷರಗಳನ್ನು ಬಿಚ್ಚತೊಡಗಿದೆ.

ಮನೆಗೆ ಬಂದು ಅತ್ತುಬಿಟ್ಟೆ. ಯಜಮಾನರು ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, "ನೀನು ಹೇಳಿದ್ರಲ್ಲಿ ತಪ್ಪೇನಿದೆ? ಗ್ರಾಮರ್ ಕರೆಕ್ಟಾಗೇ ಇದೆಯಲ್ಲ" ಅಂದರು. ಆ ರಾತ್ರಿ ಅವರಿಗೆ ಮೊಸರನ್ನ ಹಾಕಿದೆ, ಒಗ್ಗರಣೆಯಿಲ್ಲದ್ದು.

ಇಷ್ಟಕ್ಕೇ ಬಿಟ್ಟರೆ ಅದು ಕ್ಲಬ್ಬು ಹೇಗಾಗುತ್ತದೆ? ಅಕ್ಟೋಬರಿನಲ್ಲಿ ಇನ್ನೊಂದು ಚೀಟಿ ಬಂತು, ಈ ಸಲ ಬಿಳಿ. ಹನ್ನೆರಡು ವರ್ಷ ಆಡಿದವನಿಗೆ ಸನ್ಮಾನ ಮಾಡುವುದಂತೆ. ಹಳೆಯ ಜರ್ಸಿಗೆ ಹೆಸರು ವಾಪಸ್ ಹೊಲಿದು ಕೊಡಬೇಕು, ಗಾಜಿನ ಫ್ರೇಮು ಹಾಕಿಸುತ್ತಾರೆ. ಬಿಚ್ಚಿದ ಅಕ್ಷರಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಜರ್ಸಿಯ ಮೇಲೆ ಹಳೆಯ ಸೂಜಿಯ ತೂತುಗಳು ಹಾಗೇ ಇದ್ದವು, ಅಳತೆ ಕೂಡ ಬೇಕಾಗಲಿಲ್ಲ. ಎಲ್ಲ ಅಕ್ಷರ ಕೂರಿಸಿದೆ. ಚುಕ್ಕಿ ಇರಲಿಲ್ಲ. ಹೊಸದಾಗಿ ಎರಡು ಕತ್ತರಿಸಲು ಅರ್ಧ ನಿಮಿಷ ಸಾಕು, ಬಟ್ಟೆಯೂ ಇತ್ತು. ಕತ್ತರಿಸಲಿಲ್ಲ. ಹಾಗೇ ಕೊಟ್ಟೆ.

ಮುದುಕ ಒಬ್ಬನೇ ಗಮನಿಸಿದ. ತುಟಿಯೊಳಗಿನ ಪುಡಿಯನ್ನು ನಾಲಿಗೆಯಿಂದ ಸರಿಸಿ, ನನ್ನ ಮುಖ ನೋಡಿ, ಜರ್ಸಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದ. ಮೇಲಿನ ಆಫೀಸಿನಿಂದ ಮಾತ್ರ ಕೆಲಸ ಬಹಳ ಚೆನ್ನಾಗಿದೆ ಅಂತ ಫೋನ್ ಬಂತು.

ಆ ಮ್ಯಾಚಿಗೆ ಹೋದೆ. ನಾನು ಪೂರ್ತಿ ನೋಡಿದ್ದು ಅದನ್ನೇ. ಶುರುವಾಗುವ ಮೊದಲು ಮಂಜುಗಡ್ಡೆಯ ಮೇಲೆ ಕೆಂಪು ಜಮಖಾನ ಹಾಸಿ, ಕೋಟು ಹಾಕಿಕೊಂಡ ಅವನನ್ನು ನಿಲ್ಲಿಸಿದರು. ಸ್ಪೋರ್ಟ್‌ಶೆಫ್ ಭಾಷಣ ಮಾಡಿದ. ನೀನು ಈ ಕ್ಲಬ್ಬಿನ ಹೃದಯ, ಈ ಬಾಗಿಲು ನಿನಗೆ ಸದಾ ತೆರೆದಿದೆ, ಇತ್ಯಾದಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫ್ರೇಮು ಕೈಗೆ ಬಂತು. ಅವನು ಒಂದು ಸಲ ಅದರ ಕಡೆ ನೋಡಿದ, ಇನ್ನೊಂದು ಸಲ ನೋಡಿದ, ಭುಜ ಅಲುಗಿಸಿ ನಗತೊಡಗಿದ. ಜನ ಅಳುತ್ತಿದ್ದಾನೆ ಅಂದುಕೊಂಡು ಚಪ್ಪಾಳೆ ಇನ್ನೂ ಜೋರು ಮಾಡಿದರು.

ಆಟ ಮುಗಿದ ಮೇಲೆ ಕೋಟು ತೆಗೆದುಕೊಳ್ಳಲು ನನ್ನ ಕೋಣೆಗೆ ಬಂದರೆ, ಅವನು ಇಸ್ತ್ರಿ ಮೇಜಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಫ್ರೇಮು. ಕೆಲಸ ಸಿಕ್ಕಿತಾ ಅಂತ ಕೇಳಿದೆ. ಈಜುಕೊಳದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾನಂತೆ, ವಾರಕ್ಕೆ ಮೂರು ದಿನ. ನಾನು ಕ್ಷಮೆ ಕೇಳಲು ಹೊರಟೆ. ಕೈಯಲ್ಲೇ ತಡೆದು ಎದ್ದ.

"ಫ್ರೇಮು ಬಿಟ್ಟು ಹೋಗ್ತಿದೀಯ" ಅಂದೆ.

"ನನ್ನದಲ್ಲ. ಹೆಸರು ನೋಡು, ಯಾರದೋ" ಅಂದ. "ಅವನು ತಿರುಗಿ ಬಂದ್ರೆ ಕೊಡು."